ಸಾಲ್ವಿಯಾದ ಪಾತಿ, ತುಂಬೆಯ ಬದು

(ಧಾರವಾಡ ಜಿಲ್ಲೆಯ ಹಳ್ಳಿಗಳ ಹೂದೋಟವನ್ನು ಕುರಿತ ಉಪನ್ಯಾಸದ ಪಠ್ಯ)



ಚಳಿಗಾಲದಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಯ ಶಾಲೆಗಳಲ್ಲಿ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಧ್ವಜಕಟ್ಟೆಯ ಸುತ್ತ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟು ಮಾಡಿದ ದುಂಡನೆಯ ಪಾತಿ. ಪಾತಿಯ ತುಂಬ ಕೆಂಡದಂತೆ ಕೆಂಪಾದ ಹೂಗೊಂಚಲುಗಳು. ಬಿಡುವಿನ ಗಂಟೆ ಬಾರಿಸಿದ ಕೂಡಲೇ ಮಕ್ಕಳು ಓಡಿಬಂದು, ಕೊಳವೆಯಂಥ ಉದ್ದನೆಯ ಹೂವನ್ನು ಮೆಲ್ಲನೆ ಎಳೆದು, ಅದರ ಬುಡವನ್ನು ತುಟಿಗಿಟ್ಟು ಹೀರುತ್ತಾರೆ. ಒಂದು ಹನಿಯಷ್ಟು ಸಿಹಿ ನಾಲಗೆಗೆ ತಾಗುತ್ತದೆ. ಹೊಲದ ಬದುವಿನ ತುಂಬೆಯ ಬಿಳಿ ಹೂವನ್ನೂ ಆ ಮಕ್ಕಳು ಹಾಗೆಯೇ ಹೀರಿ ಬಲ್ಲರು. ಎರಡೂ ಹೂಗಳು ಒಂದೇ ಕುಟುಂಬಕ್ಕೆ ಸೇರಿದವು ಎಂಬುದನ್ನು ಸಸ್ಯಶಾಸ್ತ್ರದ ಪಾಠಕ್ಕಿಂತ ಮೊದಲೇ ನಾಲಗೆ ಅವರಿಗೆ ತಿಳಿಸಿರುತ್ತದೆ.

ಧ್ವಜಕಟ್ಟೆಯ ಆ ಕೆಂಪು ಹೂವೇ ಸಾಲ್ವಿಯಾ. ದೇವರ ಪೂಜೆಗೆ ಸಲ್ಲುವ ಹೂಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿಲ್ಲ. ದಾರದಲ್ಲಿ ಪೋಣಿಸಿದರೆ ಉದುರುವುದರಿಂದ ಹೆರಳಿಗೆ ಮುಡಿಯುವವರೂ ಇಲ್ಲ. ಸೇವಂತಿಗೆ, ಚೆಂಡು ಹೂ, ಮಲ್ಲಿಗೆ, ಕನಕಾಂಬರಗಳಿಗಿರುವ ಸಂತೆಯ ಬೆಲೆ ಅದಕ್ಕಿಲ್ಲ. ಆದರೂ ಕಚೇರಿ, ಶಾಲೆ, ಉದ್ಯಾನಗಳ ಅಂಗಳದಿಂದ ಮನೆಯ ಹಿತ್ತಲಿಗೆ ಅದು ದಾಟಿಕೊಂಡಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ವೇಳೆಗೆ ನಡೆಯುವ ಫಲಪುಷ್ಪ ಪ್ರದರ್ಶನಗಳಲ್ಲಿ ಕೆಂಪು, ನೀಲಿ ಸಾಲ್ವಿಯಾಗಳ ಹಾಸನ್ನು ಕಂಡು ಬಂದವರು ಊರಿಗೆ ಮರಳುವಾಗ ಬೀಜದ ಪೊಟ್ಟಣವನ್ನೂ ತರುತ್ತಾರೆ.

ಹೀಗೆ ಹಿತ್ತಲಿಗೆ ಬಂದ ಅತಿಥಿ ಅಲ್ಲಿನ ಜೇನಿಗೆ, ದುಂಬಿಗೆ, ಹಕ್ಕಿಗೆ ಏನನ್ನು ಕೊಡುತ್ತದೆ? ಮಣ್ಣಿನಿಂದ, ಬಾವಿಯಿಂದ ಏನನ್ನು ಪಡೆಯುತ್ತದೆ? ಬೇಲಿಯನ್ನು ದಾಟಿದರೆ ಏನು ಮಾಡೀತು? ಹೂದೋಟವನ್ನು ಕೇವಲ ಅಲಂಕಾರವೆಂದು ಭಾವಿಸುವವರಿಗೆ ಇವು ಅತಿಯಾದ ಪ್ರಶ್ನೆಗಳೆಂದು ತೋರಬಹುದು. ಆದರೆ ಬದುಗಳು ಬೋಳಾಗುತ್ತಿರುವ ಎರಿ ನಾಡಿನಲ್ಲಿ ಹಿತ್ತಲಿನ ನಾಲ್ಕು ಚದರ ಗಜವೂ ಲೆಕ್ಕಕ್ಕೆ ಬರುತ್ತದೆ. ಈ ಉಪನ್ಯಾಸದ ವಸ್ತುವೂ ಅದೇ.

ಅತಿಥಿಯ ಪರಿಚಯ

ಸಾಲ್ವಿಯಾದ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಾಗುತ್ತವೆ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಮೂಡುತ್ತವೆ. ಹೂವಿಗೆ ಮೇಲೊಂದು, ಕೆಳಗೊಂದು ತುಟಿ. ಈ ಲಕ್ಷಣಗಳೆಲ್ಲ ತುಳಸಿ, ಕಾಮಕಸ್ತೂರಿ, ತುಂಬೆ, ದೊಡ್ಡಪತ್ರೆ, ಪುದೀನಗಳಲ್ಲೂ ಇವೆ. ಏಕೆಂದರೆ ಇವೆಲ್ಲವೂ ತುಳಸಿಯ ಕುಟುಂಬದವು. ಆ ಕುಟುಂಬದಲ್ಲಿಯೇ ಅತಿ ದೊಡ್ಡ ಕುಲ ಸಾಲ್ವಿಯಾದ್ದು. ಅದರಲ್ಲಿ ಹೆಚ್ಚುಕಡಿಮೆ ಒಂದು ಸಾವಿರ ಪ್ರಭೇದಗಳಿವೆ. ಆರೋಗ್ಯ, ಗುಣವಾಗುವಿಕೆ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಅದರ ಹೆಸರು ಬಂದಿದೆ. ಮೆಡಿಟರೇನಿಯನ್ ತೀರದವರು ಅಡುಗೆಗೂ ಮದ್ದಿಗೂ ಬಳಸುವ ಸೇಜ್ ಸೊಪ್ಪು ಈ ಕುಲದ್ದೇ. ರೋಸ್‌ಮರಿ ಗಿಡವನ್ನೂ ಇದೇ ಕುಲದಲ್ಲಿ ಇಡಬೇಕೆಂದು 2017ರಲ್ಲಿ ಸಸ್ಯವಿಜ್ಞಾನಿಗಳು ವಂಶವಾಹಿಗಳ ಆಧಾರದ ಮೇಲೆ ತೋರಿಸಿದರು.

ಕರ್ನಾಟಕದ ರೈತರಿಗೂ ಈ ಕುಲ ಹೊಸತಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಪ್ರೋತ್ಸಾಹದಿಂದ ಮೈಸೂರು ಸೀಮೆಯ ರೈತರು ಬೆಳೆಯಲಾರಂಭಿಸಿದ ಚಿಯಾ ಕೂಡ ಮೆಕ್ಸಿಕೋ ಮೂಲದ ಒಂದು ಸಾಲ್ವಿಯಾ. ನೀರಿನಲ್ಲಿ ನೆನೆಸಿದರೆ ಅದರ ಬೀಜ ಕಾಮಕಸ್ತೂರಿಯ ಬೀಜದಂತೆಯೇ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ಈ ಲೋಳೆಯ ಗುಣವನ್ನು ನೆನಪಿಡುವುದು ಒಳ್ಳೆಯದು. ಮುಂದೆ ಅದರ ಪ್ರಸ್ತಾಪ ಮತ್ತೆ ಬರಲಿದೆ.

ಹೂವಿನ ರಚನೆಯೂ ಗಮನಾರ್ಹವಾದದ್ದು. ಸಾಲ್ವಿಯಾದ ಹೂವಿನಲ್ಲಿರುವ ಕೇಸರಗಳು ಎರಡೇ. ಪ್ರತಿಯೊಂದು ಕೇಸರವೂ ಬಾವಿಯ ಏತದ ಮರದಂತೆ ನಡುವೆ ಆಧಾರಗೊಂಡು ತೂಗುತ್ತದೆ. ಜೇನ್ನೊಣವು ಮಕರಂದಕ್ಕಾಗಿ ತಲೆಯನ್ನು ಒಳಗೆ ತೂರಿಸಿದಾಗ ಏತದ ಕೆಳತುದಿ ಹಿಂದೆ ಸರಿಯುತ್ತದೆ. ಮೇಲ್ತುದಿ ಬಾಗಿ ನೊಣದ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ. ನೊಣ ಹೊರಬಂದರೆ ಏತ ಮತ್ತೆ ಮೇಲೇಳುತ್ತದೆ. ಹೆಚ್ಚು ಬಲಿತ ಇನ್ನೊಂದು ಹೂವಿನಲ್ಲಿ ಶಲಾಕೆಯ ತುದಿ ಕೆಳಗೆ ಬಾಗಿದ್ದು, ಬೆನ್ನಿನ ಅದೇ ಭಾಗದಿಂದ ಪರಾಗವನ್ನು ಪಡೆಯುತ್ತದೆ. ಜರ್ಮನಿಯ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್ 1793ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವ್ಯವಸ್ಥೆಯ ವಿವರಣೆಯಿದೆ. ಹೂವಿನ ಚೆಲುವು ಮನುಷ್ಯನ ಕಣ್ಣಿಗಾಗಿ ಆದದ್ದಲ್ಲ, ಕೀಟದೊಡನೆ ನಡೆಸುವ ವ್ಯವಹಾರಕ್ಕಾಗಿ ಆದದ್ದು ಎಂಬ ತಿಳಿವಳಿಕೆಗೆ ಅಂಥ ಅವಲೋಕನಗಳೇ ಬುನಾದಿಯಾದವು.

ಕೆಂಪು ಹೂವಿನ ಬಾಗಿಲು

ಹೂವಿಗೂ ಕೀಟಕ್ಕೂ ನಡುವೆ ವ್ಯವಹಾರವಿದ್ದ ಮೇಲೆ, ಯಾವ ಹೂವಿನ ಬಾಗಿಲು ಯಾರಿಗಾಗಿ ತೆರೆದಿದೆ ಎಂಬುದನ್ನೂ ಕೇಳಬೇಕಾಗುತ್ತದೆ. ಧ್ವಜಕಟ್ಟೆಯ ಕಡುಗೆಂಪು ಸಾಲ್ವಿಯಾ, ಅಂದರೆ ಸಸ್ಯಶಾಸ್ತ್ರದ ಸಾಲ್ವಿಯಾ ಸ್ಪ್ಲೆಂಡೆನ್ಸ್, ಬ್ರೆಜಿಲ್ ದೇಶದ ಬೆಟ್ಟಗಳದು. 1822ರ ಸುಮಾರಿಗೆ ಅದು ಯುರೋಪಿನ ತೋಟಗಾರರ ಪರಿಚಯಕ್ಕೆ ಬಂದಿತು. ತವರಿನಲ್ಲಿ ಅದರ ಪರಾಗವನ್ನು ಸಾಗಿಸುವುದು ಝೇಂಕಾರದ ಹಕ್ಕಿ, ಅಂದರೆ ಹಮ್ಮಿಂಗ್‌ಬರ್ಡ್. ಗಾಳಿಯಲ್ಲಿ ನಿಂತಲ್ಲಿಯೇ ರೆಕ್ಕೆ ಬಡಿಯುತ್ತ ಉದ್ದ ಕೊಕ್ಕನ್ನು ಕೊಳವೆಯೊಳಗೆ ಇಳಿಸಬಲ್ಲ ಆ ಹಕ್ಕಿಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಹೂವಿನ ಕಡುಗೆಂಪು, ಪರಿಮಳವಿಲ್ಲದ ಸ್ವಭಾವ, ಒಂದೂವರೆ ಅಂಗುಲದಷ್ಟು ಉದ್ದದ ಕೊಳವೆ, ಎಲ್ಲವೂ ಆ ಹಕ್ಕಿಗೆ ಹೊಂದಿಕೊಂಡಿವೆ.

ತುಡುವೆ ಜೇನಿನ ನಾಲಗೆಯ ಉದ್ದ ಐದು ಮಿಲಿಮೀಟರಿನ ಆಸುಪಾಸಿನದು. ಕೋಲುಜೇನಿನದು ಇನ್ನೂ ಗಿಡ್ಡ. ಅಷ್ಟು ಆಳದ ಕೊಳವೆಯ ತಳದಲ್ಲಿರುವ ಮಕರಂದ ಅವುಗಳಿಗೆ ನೇರವಾಗಿ ಎಟಕುವುದಿಲ್ಲ. ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಇಂಥ ಹೂಗಳ ಬುಡವನ್ನು ಸೀಳಿ ಮಕರಂದವನ್ನು ಕದಿಯುವುದುಂಟು. ಸೂರಕ್ಕಿಯೂ ಟೊಂಗೆಯ ಮೇಲೆ ಕುಳಿತು ಕೊಕ್ಕಿನಿಂದ ಕೊಳವೆಯನ್ನು ಚುಚ್ಚುವುದುಂಟು. ಬಾಗಿಲಿನಿಂದ ಬರಲಾಗದವರು ಗೋಡೆಗೆ ಕನ್ನ ಕೊರೆದಂತೆ ಇದು. ಇನ್ನೊಂದು ಸಂಗತಿಯಿದೆ. ಈ ಗಿಡದಲ್ಲಿ ನಿಜವಾದ ಹೂವು ಬೇಗ ಉದುರುತ್ತದೆ. ಬಹುಕಾಲ ಕೆಂಪಾಗಿ ಉಳಿಯುವುದು ಅದರ ಹೊರಗಿನ ಪುಷ್ಪಪಾತ್ರೆ ಮಾತ್ರ. ದೂರದಿಂದ ಕೆಂಪು ಹಾಸಿನಂತೆ ಕಾಣುವ ಪಾತಿಯಲ್ಲಿ ಮಕರಂದವಿರುವ ಹೂಗಳು ಕೆಲವೇ ಇರುತ್ತವೆ. ಹಬ್ಬದ ಮನೆಯಂತೆ ಸಿಂಗರಿಸಿಕೊಂಡಿದ್ದರೂ ಊರಿನ ಹೆಚ್ಚಿನ ಅತಿಥಿಗಳಿಗೆ ಊಟವಿಲ್ಲದ ಪಂಕ್ತಿ ಅದು.

ಸಾಲ್ವಿಯಾಗಳೆಲ್ಲವೂ ಹೀಗಲ್ಲ. ನೀಲಿ ಸಾಲ್ವಿಯಾ, ಅಂದರೆ ಸಾಲ್ವಿಯಾ ಫ್ಯಾರಿನೇಸಿಯಾ, ಮೆಕ್ಸಿಕೋ ಮತ್ತು ಅಮೆರಿಕದ ಟೆಕ್ಸಾಸ್ ಪ್ರಾಂತದ್ದು. ಕಾಂಡದ ತುದಿಗೆ, ಪುಷ್ಪಪಾತ್ರೆಗೆ ಹಿಟ್ಟು ಬಳಿದಂಥ ಬೂದು ಲೇಪವಿರುವುದರಿಂದ ಆ ಹೆಸರು ಬಂದಿದೆ. ಅದರ ಹೂವು ಗಿಡ್ಡ, ಕೆಳತುಟಿ ಅಗಲ. ಕುಳಿತುಕೊಳ್ಳಲು ಜೇನಿಗೆ ಜಗಲಿಯಿದ್ದಂತೆ. ಅದಕ್ಕೆ ಜೇನ್ನೊಣಗಳೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿಜೀವಿ ದುಂಬಿಯೂ, ಚಿಟ್ಟೆಗಳೂ ಬರುತ್ತವೆ. ಟೆಕ್ಸಾಸಿನ ನಡುಭಾಗದ ಬಯಲಿನಲ್ಲಿ ಇರುವುದು ಕೂಡ ಸುಣ್ಣದಂಶ ಹೆಚ್ಚಿರುವ, ಬೇಸಿಗೆಯಲ್ಲಿ ಬಿರಿಯುವ ಕರಿ ಜೇಡಿ. ನವಲಗುಂದ, ಅಣ್ಣಿಗೇರಿಗಳ ಎರಿ ಮಣ್ಣಿಗೆ ಹೋಲುವ ನೆಲದಿಂದ ಬಂದ ಗಿಡವಿದು. ಬ್ರೆಜಿಲ್ಲಿನ ಕೆಂಪು ಸಾಲ್ವಿಯಾ ಸುಣ್ಣದ ನೆಲದಲ್ಲಿ ಕಬ್ಬಿಣದಂಶವನ್ನು ಹೀರಲಾಗದೆ ಎಲೆ ಹಳದಿಯಾಗಿ ಸೊರಗುವಲ್ಲಿ ನೀಲಿ ಸಾಲ್ವಿಯಾ ತಾಳಿಕೊಳ್ಳುತ್ತದೆ.

ಹಿತ್ತಲುಗಳಲ್ಲಿ ಕಾಣುವ ಇನ್ನೆರಡು ಪ್ರಭೇದಗಳ ಮಾತನ್ನೂ ಹೇಳಬೇಕು. ತೆಳ್ಳನೆಯ ಕಡ್ಡಿಗಳಲ್ಲಿ ಬಿಡಿಬಿಡಿಯಾಗಿ ಕೆಂಪು ಹೂ ಬಿಡುವ ಸಾಲ್ವಿಯಾ ಕಾಕ್ಸೀನಿಯಾ ಚಿಟ್ಟೆಗಳಿಗೆ ಪ್ರಿಯ. ಒಮ್ಮೆ ನೆಟ್ಟರೆ ಬೀಜ ಉದುರಿಸಿ ತಾನೇ ಮತ್ತೆ ಹುಟ್ಟಿಕೊಳ್ಳುತ್ತದೆ. ಮಖಮಲ್ಲಿನಂಥ ನೇರಳೆ ಗೊಂಚಲಿನ ಸಾಲ್ವಿಯಾ ಲ್ಯೂಕಾಂತಾ ಮೆಕ್ಸಿಕೋದ್ದು. ಹಗಲು ಗಿಡ್ಡವಾಗುವ ಕಾಲಕ್ಕೆ ಹೂ ಬಿಡುತ್ತದೆ. ಬೀಜ ಕಟ್ಟುವುದು ವಿರಳವಾದ್ದರಿಂದ ಅದನ್ನು ಟೊಂಗೆ ಊರಿಯೇ ಬೆಳೆಸುತ್ತಾರೆ.

ಬೇಲಿ ದಾಟುವ ಬೀಜ

ಅಂದಕ್ಕಾಗಿ ತಂದ ಗಿಡ ನಾಡಿಗೆ ಮುಳುವಾದ ಕಥೆ ಮಲೆನಾಡಿಗೆ ಹೊಸದಲ್ಲ. ಲಂಟಾನಾ ಈ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದ ಅಲಂಕಾರದ ಗಿಡವಾಗಿ. ಇಂದು ಅದು ಪಶ್ಚಿಮ ಘಟ್ಟದ ಎಷ್ಟೋ ಕಾಡುಗಳ ನೆಲವನ್ನು ಮುಚ್ಚಿದೆ. ಕಾಂಗ್ರೆಸ್ ಹುಲ್ಲು ಅಂದಕ್ಕಾಗಿ ಬಂದದ್ದಲ್ಲ. ಆದರೆ 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಆ ಕಳೆ ಕೆಲವೇ ದಶಕಗಳಲ್ಲಿ ಎರಿ ಹೊಲಗಳನ್ನೂ ರಸ್ತೆಯಂಚುಗಳನ್ನೂ ಆವರಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ 1984ರಲ್ಲಿ ಬಿಡುಗಡೆ ಮಾಡಬೇಕಾಯಿತು. ತುಳಸಿಯ ಕುಟುಂಬದಲ್ಲಿಯೇ ಇಂಥದೊಂದು ಉದಾಹರಣೆಯಿದೆ. ಉಷ್ಣವಲಯದ ಅಮೆರಿಕದಿಂದ ಬಂದ ಹಿಪ್ಟಿಸ್ ಎಂಬ ಘಾಟು ವಾಸನೆಯ ಗಿಡ ಇಂದು ರಸ್ತೆಯಂಚಿನಲ್ಲಿ, ಪಾಳು ನೆಲದಲ್ಲಿ ಆಳೆತ್ತರ ಬೆಳೆದು ನಿಲ್ಲುತ್ತದೆ. ಅದರ ಬೀಜವೂ ತೇವ ತಾಗಿದರೆ ಲೋಳೆ ಕಟ್ಟಿಕೊಳ್ಳುತ್ತದೆ. ದನದ ಗೊರಸಿಗೆ, ಚಕ್ಕಡಿಯ ಗಾಲಿಗೆ, ಚಪ್ಪಲಿಗೆ ಅಂಟಿಕೊಂಡು ಸಾಗುತ್ತದೆ.

ಸಾಲ್ವಿಯಾದ ಬೀಜಕ್ಕೂ ಈ ಲೋಳೆ ಇದೆ. ಕಾಕ್ಸೀನಿಯಾ ಪ್ರಭೇದವು ನೀಲಗಿರಿಯ ಬೆಟ್ಟಗಳಲ್ಲಿ ತೋಟದಿಂದ ಹೊರಬಿದ್ದು ತಾನಾಗಿಯೇ ನೆಲೆಯೂರಿದೆ. ಲಂಟಾನಾದಷ್ಟು ಆಕ್ರಮಣಕಾರಿ ಸ್ವಭಾವ ಅದಕ್ಕಿಲ್ಲವೆಂಬುದು ನಿಜ. ಆದರೆ ಲಂಟಾನಾವನ್ನು ನೆಟ್ಟವರೂ ಅದು ಕಾಡಿಗೆ ಇಳಿಯುವುದೆಂದು ಎಣಿಸಿರಲಿಲ್ಲ.

ಈ ಎಚ್ಚರಿಕೆ ಧಾರವಾಡ ಜಿಲ್ಲೆಯಲ್ಲಿ ಎಲ್ಲ ಕಡೆಗೂ ಒಂದೇ ತೂಕದ್ದಲ್ಲ. ಈ ಜಿಲ್ಲೆ ಎರಡು ಸಮುದ್ರಗಳ ನಡುವಣ ಜಲವಿಭಾಜಕದ ಮೇಲೆ ಕುಳಿತಿದೆ. ಕುಂದಗೋಳ, ನವಲಗುಂದಗಳ ಕಡೆ ಬಿದ್ದ ಮಳೆ ಬೆಣ್ಣಿಹಳ್ಳಕ್ಕೆ ಇಳಿದು, ಮಲಪ್ರಭೆಯ ಮೂಲಕ ಕೃಷ್ಣೆಯನ್ನು ಸೇರಿ ಪೂರ್ವಕ್ಕೆ ಹರಿಯುತ್ತದೆ. ಧಾರವಾಡದ ಬಳಿಯ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಮಾತ್ರ ಕಲಘಟಗಿಯ ಸೀಮೆಯ ಬೇಡ್ತಿಯೊಡನೆ ಪಶ್ಚಿಮಕ್ಕೆ ತಿರುಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬೇಡ್ತಿಯ ಕಣಿವೆಯನ್ನು ಮುಳುಗಿಸಲಿದ್ದ ಜಲವಿದ್ಯುತ್ ಯೋಜನೆಯ ವಿರುದ್ಧ ಎಂಬತ್ತರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಜನ ಹೋರಾಡಿದ್ದರು. ಆ ಕಣಿವೆಯ ಮೇಲ್ಭಾಗದಲ್ಲಿರುವುದು ಕಲಘಟಗಿ. ಅಲ್ಲಿನ ಹಿತ್ತಲಿನಿಂದ ಮಳೆನೀರಿನಲ್ಲಿ ಕೊಚ್ಚಿಹೋದ ಬೀಜಕ್ಕೆ ಮುಂದಿನ ನಿಲ್ದಾಣ ಕಾಡಿನ ಹಳ್ಳದ ದಂಡೆ. ಆದ್ದರಿಂದ ಕಲಘಟಗಿಯ ಕಾಡಂಚಿನ ಊರುಗಳಲ್ಲಿ, ಹಳ್ಳಗಳ ಹತ್ತಿರದ ಹಿತ್ತಲುಗಳಲ್ಲಿ ತಾನೇ ಬೀಜ ಚೆಲ್ಲಿ ಹುಟ್ಟುವ ಕಾಕ್ಸೀನಿಯಾವನ್ನು ಬಿಟ್ಟು, ಟೊಂಗೆಯಿಂದ ಬೆಳೆಯುವ ನೇರಳೆ ಲ್ಯೂಕಾಂತಾವನ್ನು ಆರಿಸಿಕೊಳ್ಳುವುದು ವಿವೇಕ.

ಬದುವಿನ ಬಡವಿ

ಇಷ್ಟು ದೂರದಿಂದ ಬಂದ ಗಿಡದ ಆರೈಕೆಗೆ ತೊಡಗುವ ಮೊದಲು ಊರಿನಲ್ಲಿಯೇ ಇರುವ ಅದರ ಬಂಧುವಿನತ್ತ ನೋಡಬೇಕು. ತುಂಬೆಯನ್ನು ಯಾರೂ ಬಿತ್ತುವುದಿಲ್ಲ, ಯಾರೂ ನೀರುಣಿಸುವುದಿಲ್ಲ. ಮುಂಗಾರಿನಲ್ಲಿ ಹುಟ್ಟಿ, ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ, ಗಾಡಿ ದಾರಿಯ ಅಂಚಿನಲ್ಲಿ ಚಳಿಗಾಲದವರೆಗೂ ಹೂ ಬಿಡುತ್ತದೆ. ಶಿವನಿಗೆ ಪ್ರಿಯವಾದ ಹೂವೆಂದು ಶಿವರಾತ್ರಿಯಲ್ಲಿ ಅದನ್ನು ಹುಡುಕಿ ತರುತ್ತಾರೆ. ನೆಗಡಿ, ಕೆಮ್ಮಿಗೆ ಅದರ ಸೊಪ್ಪನ್ನು ಬಳಸುತ್ತಾರೆ. ಅದರ ಪುಟ್ಟ ಕೊಳವೆ ಇಲ್ಲಿನ ಜೇನಿಗೆ, ಇಲ್ಲಿನ ಚಿಟ್ಟೆಗೆ ತಕ್ಕಷ್ಟೇ ಆಳದ್ದು.

ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹಿರಿಯರು ಬದುವಿನ ಗುರುತುಗಳನ್ನು ಇಂದಿಗೂ ಹೇಳುತ್ತಾರೆ: ಇಲ್ಲಿ ಬಾರಿ ಕಂಟಿ ಇತ್ತು, ಅಲ್ಲಿ ಜಾಲಿಯ ಸಾಲು ಇತ್ತು, ಆ ಮೂಲೆಯಲ್ಲಿ ಕೋಲುಜೇನು ಕಟ್ಟುತ್ತಿತ್ತು. ಒಂದೊಂದು ಸಾಲು ಹೆಚ್ಚು ಬಿತ್ತುವ ಆಸೆಗೆ ಬದು ತೆಳ್ಳಗಾಯಿತು. ಟ್ರ್ಯಾಕ್ಟರಿನ ತಿರುವಿಗೆ ಕಂಟಿ ಹೋಯಿತು. ಎಡೆ ಹೊಡೆಯುವ ಎತ್ತುಗಳ, ಕಳೆ ತೆಗೆಯುವ ಆಳುಗಳ ಜಾಗಕ್ಕೆ ಕಳೆನಾಶಕದ ಡಬ್ಬಿ ಬಂದಿತು. ಕಳೆನಾಶಕಕ್ಕೆ ಕಾಂಗ್ರೆಸ್ ಹುಲ್ಲು ಬೇರೆಯಲ್ಲ, ತುಂಬೆ ಬೇರೆಯಲ್ಲ. ಮಣ್ಣಿನ ಗೋಡೆಯ ಬಿರುಕಿನಲ್ಲಿ ಗೂಡು ಮಾಡುತ್ತಿದ್ದ ನೀಲಿ ಪಟ್ಟೆಯ ದುಂಬಿಗೆ ಸಿಮೆಂಟಿನ ಗೋಡೆಯಲ್ಲಿ ಎಡೆ ಸಿಗಲಿಲ್ಲ.

ಇದು ಭಾವುಕತೆಯ ಮಾತಲ್ಲ, ಬೆಳೆಯ ಲೆಕ್ಕ. ಸೂರ್ಯಕಾಂತಿ, ಗುರೆಳ್ಳು ತಮ್ಮದೇ ಪರಾಗದಿಂದ ಸಾಕಷ್ಟು ಕಾಳು ಕಟ್ಟಲಾರವು. ಉಳ್ಳಾಗಡ್ಡಿಯ ಬೀಜಕ್ಕೆ, ಕೊತ್ತಂಬರಿಯ ಕಾಳಿಗೆ ಕೀಟಗಳ ಓಡಾಟ ಬೇಕು. ಜೇನಿಲ್ಲದ ಹೊಲದ ಸೂರ್ಯಕಾಂತಿಯ ತೆನೆಯಲ್ಲಿ ಜೊಳ್ಳು ಹೆಚ್ಚುತ್ತದೆ. ಬೆಳೆ ಹೂವಾಗಿರುವ ಕೆಲವೇ ವಾರಗಳಿಗೆ ಜೇನು ಬೇಕೆನ್ನುವ ರೈತ ವರ್ಷದ ಉಳಿದ ತಿಂಗಳು ಅದು ಏನನ್ನು ತಿಂದು ಬದುಕಬೇಕೆಂದು ಯೋಚಿಸಲೇಬೇಕಾಗುತ್ತದೆ. ಹಿಂಗಾರಿಯ ಜೋಳ, ಕಡಲೆ, ಕುಸುಬಿಗಳ ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಬೇವು, ಹೊಂಗೆಗಳು ಹೂವಾಗುವ ತನಕ, ಮರಗಳೇ ವಿರಳವಾದ ಎರಿ ಬಯಲಿನಲ್ಲಿ ಹಸಿವಿನ ಕಾಲ. ಹಿತ್ತಲಿನ ನೀಲಿ ಸಾಲ್ವಿಯಾಕ್ಕೆ, ಕಾಮಕಸ್ತೂರಿಗೆ, ತುಳಸಿಗೆ ನಿಜವಾದ ಬೆಲೆ ಬರುವುದು ಆಗ.

ಬೆಳೆಸುವ ಬಗೆ

ಬೆಳೆಸುವುದಾದರೆ ಹೇಗೆ? ಮಣ್ಣಿನಿಂದ ಆರಂಭಿಸಬೇಕು. ಕಲಘಟಗಿಯ ಕೆಂಪು ಮಸಾರಿ ನೆಲದಲ್ಲಿ ನೀರು ಬಸಿಯುತ್ತದೆ, ಮಳೆಯೂ ಹೆಚ್ಚು. ಅಲ್ಲಿ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರಿ ಮಣ್ಣು ಮಳೆಗೆ ಅಂಟಾಗಿ ನೀರನ್ನು ಹಿಡಿದಿಡುತ್ತದೆ, ಬಿಸಿಲಿಗೆ ಬಿರಿದು ಬೇರನ್ನು ಹರಿಯುತ್ತದೆ. ಸಾಲ್ವಿಯಾದ ಬೇರಿಗೆ ನಿಂತ ನೀರು ಸಹಿಸದು. ಆದ್ದರಿಂದ ಅಲ್ಲಿ ನೆಲದ ಮಟ್ಟದಿಂದ ಒಂದು ಗೇಣಾದರೂ ಎತ್ತರದ ಏರುಮಡಿ ಮಾಡಿ, ಎರಿ ಮಣ್ಣಿಗೆ ಗರಸು ಅಥವಾ ದಪ್ಪ ಮರಳನ್ನೂ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಮೇಲೆ ಜೋಳದ ರವದಿ ಅಥವಾ ಕಡಲೆಯ ಹೊಟ್ಟನ್ನು ಹೊದಿಸಿದರೆ ನೆಲ ಬಿರಿಯುವುದು ಕಡಿಮೆಯಾಗುತ್ತದೆ. ಗೊಬ್ಬರ ಅತಿಯಾದರೆ ಎಲೆ ಕೊಬ್ಬಿ ಹೂ ತಗ್ಗುತ್ತದೆ.

ಕಾಲದ ಲೆಕ್ಕಕ್ಕೆ ಮಳೆ ನಕ್ಷತ್ರಗಳೇ ಸಾಕು. ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರದ ಎರಡನೆಯ ಪಕ್ಷದಲ್ಲಿ, ಮೆಣಸಿನಕಾಯಿಯ ಅಗಿ ಬೆಳೆಸುವಂತೆ ಎತ್ತರದ ಮಡಿಯಲ್ಲಿ ಬೀಜ ಚೆಲ್ಲಬೇಕು. ಕೆಂಪು ಸಾಲ್ವಿಯಾದ ಬೀಜ ಮೊಳೆಯಲು ಬೆಳಕು ಬೇಕು. ಅದನ್ನು ಮಣ್ಣಿನಿಂದ ಮುಚ್ಚದೆ ಮೆಲ್ಲನೆ ಒತ್ತಿ, ನೀರನ್ನು ತುಂತುರಾಗಿ ಚಿಮುಕಿಸಿದರೆ ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಐದಾರು ವಾರಗಳಲ್ಲಿ, ಸ್ವಾತಿ ಮಳೆಯ ಕಾಲಕ್ಕೆ, ಒಂದು ಅಡಿ ಅಂತರದಲ್ಲಿ ಸಸಿಗಳನ್ನು ನೆಡಬೇಕು. ಗಿಡ ಗೇಣುದ್ದ ಆದಾಗ ತುದಿಯನ್ನು ಚಿವುಟಿದರೆ ಟೊಂಗೆಗಳು ಒಡೆಯುತ್ತವೆ. ಚಳಿಗಾಲದುದ್ದಕ್ಕೂ, ಗಣರಾಜ್ಯೋತ್ಸವದ ಹೊತ್ತಿಗಂತೂ ಪಾತಿ ತುಂಬ ಹೂವು. ನೀಲಿ ಸಾಲ್ವಿಯಾ ನಿಧಾನವಾಗಿ ಬೆಳೆಯುವುದರಿಂದ ಅದನ್ನು ಒಂದೆರಡು ವಾರ ಮೊದಲೇ ಬಿತ್ತುವುದು ಲೇಸು.

ನೀರಿನ ಮಾತು ಈ ಸೀಮೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಎರಿ ನಾಡಿನಲ್ಲಿ ಎಷ್ಟೋ ಕಡೆ ಅಂತರ್ಜಲ ಸವುಳು. ಕುಡಿಯಲು ಕೆರೆಯ ನೀರೇ ಗತಿ. ನರಗುಂದ, ನವಲಗುಂದಗಳಲ್ಲಿ 2015ರಲ್ಲಿ ಆರಂಭವಾದ ಮಹಾದಾಯಿ ನೀರಿನ ಧರಣಿ ವರ್ಷಗಟ್ಟಲೆ ನಡೆಯಿತು. ಆ ನೀರು ಹುಟ್ಟುವುದು ಮಲೆನಾಡಿನ ಕಾಡಿನಲ್ಲಿ. ಬಯಲಿನ ಬಾಯಾರಿಕೆಯೂ ಕಾಡಿನ ಉಳಿವೂ ಎದುರುಬದುರಾಗಿ ನಿಂತಿರುವ ಕಾಲದಲ್ಲಿ ಕುಡಿಯುವ ನೀರನ್ನು ಹೂವಿನ ಪಾತಿಗೆ ಬಿಡುವುದು ಸಲ್ಲದು. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಸಾಕು. ಆದರೆ ಸಾಬೂನಿನ ಕ್ಷಾರವನ್ನು ಎರಿ ಮಣ್ಣು ಇನ್ನಷ್ಟು ಬೇಡುವುದಿಲ್ಲ. ಬಟ್ಟೆ ಒಗೆದ ಮೊದಲ ನೊರೆನೀರನ್ನು ಬಿಟ್ಟು, ಜಾಲಿಸಿದ ನೀರನ್ನು ಮಾತ್ರ ಎಲೆಗೆ ತಾಗದಂತೆ ಬುಡಕ್ಕೆ ಹಾಕಬೇಕು. ಬೇಸಿಗೆಯಲ್ಲಿ ಕೆಂಪು ಸಾಲ್ವಿಯಾವನ್ನು ಉಳಿಸಲು ಹೆಣಗುವುದಕ್ಕಿಂತ ಮಾರ್ಚಿನಲ್ಲಿ ಕಿತ್ತು ತಿಪ್ಪೆಗೆ ಹಾಕುವುದೇ ನೀರಿನ ಉಳಿತಾಯ. ನೀಲಿಯದನ್ನು ಗೇಣೆತ್ತರಕ್ಕೆ ಕತ್ತರಿಸಿ ನೆರಳಿನ ಮಗ್ಗುಲಲ್ಲಿ ಬಿಟ್ಟರೆ ಮುಂಗಾರಿಗೆ ಮತ್ತೆ ಚಿಗುರಬಹುದು.

ಬಿಸಿಲು ಏರಿದಂತೆ ಎಲೆಯಡಿಯಲ್ಲಿ ಬಿಳಿನೊಣ, ಕೆಂಪು ನುಸಿ ಕಾಣಿಸಿಕೊಳ್ಳುತ್ತವೆ. ಎಲೆಯ ತಳಕ್ಕೆ ನೀರು ಚಿಮ್ಮಿ ತೊಳೆಯುವುದು ಮೊದಲ ಮದ್ದು. ಬೇವಿನ ಬೀಜದ ಕಷಾಯ ಎರಡನೆಯದು, ಅದೂ ಜೇನಿನ ಓಡಾಟ ನಿಂತ ಸಂಜೆಯಲ್ಲಿ. ಹೂ ಬಿಟ್ಟ ಗಿಡಕ್ಕೆ ರಾಸಾಯನಿಕ ಕೀಟನಾಶಕವನ್ನು ಸಿಂಪಡಿಸುವುದೆಂದರೆ ಊಟಕ್ಕೆ ಕರೆದು ವಿಷ ಬಡಿಸಿದಂತೆ. ಅದೇ ಹೂವನ್ನು ಶಾಲೆಯ ಮಕ್ಕಳು ಹೀರುತ್ತಾರೆಂಬುದನ್ನೂ ಮರೆಯಬಾರದು.

ಕುಂದಗೋಳದ ಮೆಣಸಿನಕಾಯಿಯ ಊರುಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. 2021ರಲ್ಲಿ ದಕ್ಷಿಣದ ರಾಜ್ಯಗಳ ಮೆಣಸಿನ ಬೆಳೆಗೆ ಹೊಸ ಜಾತಿಯ ಥ್ರಿಪ್ಸ್ ಎರಗಿದ ಮೇಲೆ ಸಿಂಪರಣೆಯ ಸುತ್ತುಗಳು ಹೆಚ್ಚಿದವು. ಸಿಂಪರಣೆ ನಡೆಯುವ ಹೊಲಕ್ಕೆ ತಾಗಿಕೊಂಡೇ ಹೂವಿನ ಸಾಲು ಮಾಡಿದರೆ ಗಾಳಿಯಲ್ಲಿ ತೇಲಿಬಂದ ವಿಷ ಆ ಹೂವಿನ ಮೇಲೆಯೇ ಇಳಿಯುತ್ತದೆ; ಜೇನನ್ನು ಕರೆಯುವ ಹೂವೇ ಅದಕ್ಕೆ ಬಲೆಯಾಗುತ್ತದೆ. ಅಂಥಲ್ಲಿ ಪಾತಿಯನ್ನು ಮನೆಯ ಮರೆಯಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿ ಮಾಡಬೇಕು.

ಕೊನೆಯದಾಗಿ ಬೀಜದ ಮಾತು. ಬೀಜಕ್ಕೆಂದು ನಾಲ್ಕಾರು ಗೊಂಚಲುಗಳನ್ನು ಗುರುತಿಸಿ, ಉಳಿದವನ್ನು ಬಾಡಿದ ಕೂಡಲೇ ಕತ್ತರಿಸಬೇಕು. ಇದರಿಂದ ಹೊಸ ಹೂ ಬರುತ್ತದೆ, ಬೀಜ ಬೇಲಿ ದಾಟುವುದೂ ತಪ್ಪುತ್ತದೆ. ಗುರುತಿಸಿದ ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಮಾಗಿದ ಬೀಜ ಅದರಲ್ಲಿಯೇ ಉದುರುತ್ತದೆ. ಸಂಕರ ತಳಿಯ ಪೊಟ್ಟಣದ ಬೀಜದಿಂದ ಬೆಳೆದ ಗಿಡವಾದರೆ ಮರುವರ್ಷ ಬಣ್ಣ, ಎತ್ತರಗಳು ಬದಲಾಗಬಹುದು. ಅದರಿಂದ ಜೇನಿಗೆ ನಷ್ಟವಿಲ್ಲ.

ಪಾತಿಯ ಒಳಗೂ ಹೊರಗೂ

ಹಿತ್ತಲಿನ ವಿನ್ಯಾಸವನ್ನು ಹೀಗೆ ಊಹಿಸಬಹುದು. ನಡುವೆ, ಕಣ್ಣಿಗೆ ಹಬ್ಬವಾಗುವಂತೆ ಕೆಂಪು ಸಾಲ್ವಿಯಾದ ನಾಲ್ಕು ಗಿಡ. ಅದರ ಸುತ್ತ, ಜೇನಿಗಾಗಿ ನೀಲಿಯದು ಎಂಟು ಗಿಡ. ಬಚ್ಚಲ ನೀರಿನ ಕಾಲುವೆಯ ಪಕ್ಕ ಕಾಮಕಸ್ತೂರಿ. ಕಟ್ಟೆಯ ಮೇಲೆ ಎಂದಿನಂತೆ ತುಳಸಿ. ಬೇಲಿಯಂಚಿನಲ್ಲಿ ಒಂದು ಮಾರು ಅಗಲದ ನೆಲ, ಅದನ್ನು ಯಾರೂ ಹರಗದೆ, ಸಿಂಪಡಿಸದೆ ಬಿಡಬೇಕು. ಅಲ್ಲಿ ಕಾಂಗ್ರೆಸ್ ಹುಲ್ಲನ್ನು ಮಾತ್ರ ಹೂವಾಗುವ ಮೊದಲೇ ಕೀಳಬೇಕು. ತುಂಬೆ ತಾನೇ ಬರುತ್ತದೆ.

ಶಾಲೆಗಳಲ್ಲಿ ಈ ಕೆಲಸ ಇನ್ನೂ ಅರ್ಥಪೂರ್ಣ. ಧ್ವಜಕಟ್ಟೆಯ ಪಾತಿಯ ಮುಂದೆ ಮಕ್ಕಳನ್ನು ಕಾಲು ಗಂಟೆ ಕೂರಿಸಿ, ಕೆಂಪು ಹೂವಿಗೆ ಎಷ್ಟು ಜೇನು ಬಂದಿತು, ನೀಲಿ ಹೂವಿಗೆ ಎಷ್ಟು, ಬೇಲಿಯಂಚಿನ ತುಂಬೆಗೆ ಎಷ್ಟು ಎಂದು ಎಣಿಸಲು ಹೇಳಬಹುದು. ಹುಲ್ಲುಕಡ್ಡಿಯನ್ನು ನೀಲಿ ಹೂವಿನೊಳಗೆ ತೂರಿಸಿ ಕೇಸರದ ಏತ ಬಾಗುವುದನ್ನು ತೋರಿಸಬಹುದು. ಅದಕ್ಕೆ ಪ್ರಯೋಗಶಾಲೆಯಾಗಲಿ ಅನುದಾನವಾಗಲಿ ಬೇಕಿಲ್ಲ. ಆ ಎಣಿಕೆಯನ್ನು ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆದಿಟ್ಟರೆ ಐದು ವರ್ಷಗಳಲ್ಲಿ ಆ ಊರಿನ ಜೇನಿನ ಇತಿಹಾಸವೇ ಸಿದ್ಧವಾಗುತ್ತದೆ.

ಸಾಲ್ವಿಯಾವನ್ನು ಬೆಳೆಯುವುದರಲ್ಲಿ ದೋಷವಿಲ್ಲ. ಮೆಣಸಿನಕಾಯಿಯೂ ಚೆಂಡು ಹೂವೂ ಒಂದು ಕಾಲಕ್ಕೆ ಅಮೆರಿಕ ಖಂಡದಿಂದಲೇ ಬಂದ ಅತಿಥಿಗಳು. ಇಂದು ಕುಂದಗೋಳದ ಬದುಕನ್ನೂ ದೀಪಾವಳಿಯ ಬಾಗಿಲನ್ನೂ ಅವಿಲ್ಲದೆ ಊಹಿಸಲಾಗದು. ಆದರೆ ಅತಿಥಿಗೆ ಮಣೆ ಹಾಕುವಾಗ ಮನೆಯ ಮಗಳನ್ನು ಹೊರಗೆ ಕಳಿಸುವ ಪದ್ಧತಿ ಈ ನಾಡಿನದಲ್ಲ. ಪಾತಿಯಲ್ಲಿ ಸಾಲ್ವಿಯಾ ಇರಲಿ, ಬದುವಿನಲ್ಲಿ ತುಂಬೆಯೂ ಇರಲಿ. ಈ ವರ್ಷ ಉತ್ತರಿ ಮಳೆಗೆ ಸಾಲ್ವಿಯಾದ ಬೀಜ ಚೆಲ್ಲುವವರು, ಅದೇ ದಿನ ಬೇಲಿಯಂಚಿನ ಒಂದು ಮಾರು ನೆಲಕ್ಕೆ ನಾಲ್ಕು ಗೂಟ ಹೊಡೆದು, ಇಲ್ಲಿ ಹರಗಬೇಡಿರಿ ಎಂದು ಮನೆಯವರಿಗೆ ಹೇಳಿದರೆ ಈ ಮಾತುಗಳು ಸಾರ್ಥಕ.